ಜಾವಾ–ಯೆಜ್ಡಿ ಮೋಟಾರ್‌ಸೈಕಲ್‌ಗಳ ಕಾರ್ಯಕ್ಷಮತೆ ಸುಧಾರಣೆ

ಜಾವಾ–ಯೆಜ್ಡಿ ಮೋಟಾರ್‌ಸೈಕಲ್‌ಗಳ ಕಾರ್ಯಕ್ಷಮತೆ ಸುಧಾರಣೆ ಎಂಬುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಟೂ-ಸ್ಟ್ರೋಕ್ ಬೈಕುಗಳ ಶಕ್ತಿ, ಎಳೆತ, ವೇಗ ಮತ್ತು ನಿಲುಗಡೆಯ ಗುಣಗಳನ್ನು ಕಡಿಮೆ ಖರ್ಚಿನಲ್ಲಿ ಉತ್ತಮಪಡಿಸುವ ಕೆಲಸಗಳಿಗೆ ಅನ್ವಯಿಸುವ ಹೆಸರು. ಇದರಲ್ಲಿ ಎರಡು ಬಗೆಗಳಿವೆ. ಸವೆತದಿಂದ ಕಳೆದುಹೋದ ಮೂಲ ಶಕ್ತಿಯನ್ನು ಮರಳಿ ಪಡೆಯುವುದು ಒಂದು; ಕಾರ್ಖಾನೆ ಕೊಟ್ಟ ಶಕ್ತಿಗಿಂತ ಹೆಚ್ಚಿನದನ್ನು ಹೊರಡಿಸುವುದು ಇನ್ನೊಂದು. ನಾಲ್ಕು–ಐದು ದಶಕ ಹಳೆಯದಾದ ಬೈಕಿನಲ್ಲಿ ಮೊದಲನೆಯ ಬಗೆಯ ಕೆಲಸಕ್ಕೆ ತಗಲುವ ಖರ್ಚು ಕಡಿಮೆ, ಸಿಗುವ ಫಲ ಹೆಚ್ಚು. ಎರಡನೆಯದಕ್ಕೆ ಖರ್ಚು ಹೆಚ್ಚು, ಅಪಾಯವೂ ಉಂಟು. ಬೈಕಿನ ಕಾನೂನುಬದ್ಧ ಸ್ಥಾನಮಾನಕ್ಕೂ ಅದು ಧಕ್ಕೆ ತರಬಹುದು.

ಅಮೆರಿಕದಲ್ಲಿ 1960ರ ದಶಕದ ದೊಡ್ಡ ಎಂಜಿನ್ನಿನ ‘ಮಸಲ್ ಕಾರು’ಗಳನ್ನು ಮನೆಯ ಶೆಡ್ಡಿನಲ್ಲಿಯೇ ಬಿಚ್ಚಿ ಹುರಿಗೊಳಿಸುವ ಹವ್ಯಾಸ ಬೆಳೆದಂತೆ, ಕರ್ನಾಟಕದಲ್ಲಿ, ವಿಶೇಷವಾಗಿ ಮೈಸೂರು ಸೀಮೆಯಲ್ಲಿ, ಜಾವಾ ಮತ್ತು ಯೆಜ್ಡಿಗಳ ಸುತ್ತ ಅಂಥದೇ ಹವ್ಯಾಸವೊಂದು ಬೆಳೆದಿದೆ. ಕಾರ್ಖಾನೆ ಮುಚ್ಚಿರುವ ಕಾರಣ ಈ ಬೈಕುಗಳ ಮೂಲ ಸಿಲಿಂಡರು, ಹೆಡ್ಡು ಮತ್ತು ಕ್ರ್ಯಾಂಕುಗಳ ಸಂಖ್ಯೆ ಇನ್ನು ಹೆಚ್ಚುವುದಿಲ್ಲ. ಅರದಿಂದ ಒಮ್ಮೆ ಉಜ್ಜಿ ಅಗಲಿಸಿದ ಪೋರ್ಟನ್ನು ಮತ್ತೆ ಕಿರಿದಾಗಿಸಲು ಬರುವುದಿಲ್ಲ. ಹೀಗಾಗಿ ಯಾವ ಕೆಲಸವನ್ನು ಮೊದಲು ಮಾಡಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗೆ ಇಲ್ಲಿ ವಿಶೇಷ ಮಹತ್ತ್ವವಿದೆ.

ಹಿನ್ನೆಲೆ

ಜಾವಾ ಮೂಲತಃ 1929ರಲ್ಲಿ ಆರಂಭವಾದ ಚೆಕೊಸ್ಲೊವಾಕಿಯಾದ ಸಂಸ್ಥೆ. ಸ್ಥಾಪಕ ಯಾನೆಚೆಕ್ ಹಾಗೂ ಜರ್ಮನಿಯ ವಾಂಡರರ್ ಎಂಬ ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ‘ಜಾವಾ’ ಎಂಬ ಹೆಸರಾಯಿತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಈ ಸಂಸ್ಥೆಯ ಪರವಾನಗಿ ಪಡೆದು ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಜಾವಾ 250 ಬೈಕುಗಳು ಹೊರಬರತೊಡಗಿದವು. 1970ರ ದಶಕದಲ್ಲಿ ಕಂಪನಿಯು ‘ಯೆಜ್ಡಿ’ ಎಂಬ ಸ್ವಂತ ಹೆಸರನ್ನು ಬಳಕೆಗೆ ತಂದಿತು. ಈ ಹೆಸರು ಇರಾನಿನ ಯಜ್ದ್ ನಗರದಿಂದ ಬಂದಿತೆಂಬ ವಿವರಣೆಯೂ ‘ಸವಾರಿ ಹೋಗು’ ಎಂಬರ್ಥದ ಚೆಕ್ ಪದದಿಂದ ಬಂದಿತೆಂಬ ವಿವರಣೆಯೂ ಪ್ರಚಲಿತವಾಗಿವೆ.

ಯೆಜ್ಡಿ 250, ರೋಡ್‌ಕಿಂಗ್, ಆಯಿಲ್‌ಕಿಂಗ್, ಮೊನಾರ್ಕ್, ಡಿಲಕ್ಸ್ ಮೊದಲಾದ ಮಾದರಿಗಳು ಒಂದಾದ ಮೇಲೊಂದರಂತೆ ಬಂದವು. ಇವುಗಳಲ್ಲಿ 1978ರಲ್ಲಿ ಬಂದ ರೋಡ್‌ಕಿಂಗ್ ಹೆಚ್ಚು ಜನಪ್ರಿಯವಾಯಿತು. 1980ರ ದಶಕದ ನಡುವಿನಲ್ಲಿ ಜಪಾನೀ ಸಹಯೋಗದ 100 ಸಿಸಿ ಬೈಕುಗಳು ಮಾರುಕಟ್ಟೆಗೆ ಬಂದಾಗ ಹೆಚ್ಚು ಪೆಟ್ರೋಲ್ ಕುಡಿಯುವ 250 ಸಿಸಿ ಟೂ-ಸ್ಟ್ರೋಕ್‌ಗಳಿಗೆ ಬೇಡಿಕೆ ಕುಗ್ಗಿತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ಮಾರುಕಟ್ಟೆಗೆ ತಂದಿತಾದರೂ ಆ ಬೈಕುಗಳು ನೀರಿನಿಂದ ತಂಪಾಗುವ ಫೋರ್-ಸ್ಟ್ರೋಕ್ ಎಂಜಿನ್ನಿನವು. ಹಳೆಯ ಬೈಕಿನ ಎಂಜಿನ್ನಿಗೆ ಅವುಗಳ ಭಾಗಗಳು ಉಪಯೋಗಕ್ಕೆ ಬರುವುದಿಲ್ಲ. ಹಳೆಯ ಬೈಕುಗಳ ಅಭಿಮಾನಿಗಳು ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಅಂತಾರಾಷ್ಟ್ರೀಯ ಜಾವಾ–ಯೆಜ್ಡಿ ದಿನವಾಗಿ ಆಚರಿಸುತ್ತಾರೆ.

ಎಂಜಿನ್ನಿನ ರಚನೆ

ಜಾವಾ 250 ಮತ್ತು ಯೆಜ್ಡಿ 250 ಸಾಲಿನ ಬೈಕುಗಳದ್ದು ಗಾಳಿಯಿಂದ ತಂಪಾಗುವ, ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ., ಘನಗಾತ್ರ 248.5 ಸಿಸಿ. ಸಿಲಿಂಡರ್ ಒಂದೇ ಆದರೂ ಹೊಗೆ ಹೊರಹೋಗಲು ಎರಡು ಪೋರ್ಟುಗಳಿದ್ದು, ಎರಡೂ ಬದಿಗೆ ಒಂದೊಂದು ಸೈಲೆನ್ಸರ್ ಇರುತ್ತದೆ. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಆಗಿರುವುದು, ಗೇರ್ ಬದಲಿಸುವಾಗ ಕ್ಲಚ್ ತಾನಾಗಿಯೇ ಬಿಡುವುದು ಈ ಬೈಕುಗಳ ವೈಶಿಷ್ಟ್ಯ.

ಜಾವಾ 250 ಎಂಜಿನ್ ಸುಮಾರು 12 ಅಶ್ವಶಕ್ತಿ ನೀಡುತ್ತಿದ್ದರೆ ರೋಡ್‌ಕಿಂಗ್ 16 ಅಶ್ವಶಕ್ತಿ ನೀಡುತ್ತಿತ್ತು. ಬೋರ್ ಮತ್ತು ಸ್ಟ್ರೋಕ್ ಬದಲಾಗದೆಯೇ ಶಕ್ತಿ ಮೂರನೆಯ ಒಂದರಷ್ಟು ಹೆಚ್ಚಿತೆಂಬುದು ಗಮನಾರ್ಹ. ಒಂದೇ ಘನಗಾತ್ರದ ಟೂ-ಸ್ಟ್ರೋಕ್ ಎಂಜಿನ್ನಿನ ಶಕ್ತಿಯನ್ನು ನಿರ್ಧರಿಸುವುದು ಪೋರ್ಟುಗಳ ಎತ್ತರ, ಸಂಪೀಡನ ಅನುಪಾತ, ಸೈಲೆನ್ಸರಿನ ಒಳರಚನೆ ಮತ್ತು ಕಾರ್ಬ್ಯುರೇಟರ್. ಆದರೆ ಶಕ್ತಿ ಹೆಚ್ಚಿದ ಪ್ರಮಾಣದಲ್ಲಿಯೇ ಗರಿಷ್ಠ ವೇಗ ಹೆಚ್ಚುವುದಿಲ್ಲ. ಗಾಳಿಯ ತಡೆಯನ್ನು ಮೀರಲು ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಮೂರನೆಯ ಒಂದರಷ್ಟು ಹೆಚ್ಚು ಶಕ್ತಿಯಿಂದ ದೊರಕುವ ಹೆಚ್ಚುವರಿ ವೇಗ ಶೇ. 10ರಷ್ಟು ಮಾತ್ರ. ಏರು ಹತ್ತುವಾಗ ಮತ್ತು ನಿಂತಲ್ಲಿಂದ ಹೊರಡುವಾಗ ಈ ವ್ಯತ್ಯಾಸ ಹೆಚ್ಚು ಎದ್ದು ಕಾಣುತ್ತದೆ.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಪೆಟ್ಟಿಗೆಯೂ ಒಂದು ಪಂಪಿನಂತೆ ಕೆಲಸ ಮಾಡುತ್ತದೆ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಅಲ್ಲಿಗೆ ಬಂದು, ಅಲ್ಲಿ ಒತ್ತಲ್ಪಟ್ಟು, ಬಳಿಕ ಪಿಸ್ಟನ್ನಿನ ಮೇಲ್ಭಾಗಕ್ಕೆ ಏರುತ್ತದೆ. ಆದ್ದರಿಂದ ಈ ಪೆಟ್ಟಿಗೆಯಲ್ಲಿ ಎಲ್ಲಿಯೇ ಸೋರಿಕೆಯಿದ್ದರೂ ಶಕ್ತಿ ಕುಂದುತ್ತದೆ. ಫೋರ್-ಸ್ಟ್ರೋಕ್ ಬೈಕುಗಳಲ್ಲಿ ಪಳಗಿದ ಮೆಕ್ಯಾನಿಕ್‌ಗಳು ಕೂಡ ಕೆಲವೊಮ್ಮೆ ಈ ಅಂಶವನ್ನು ಕಡೆಗಣಿಸಿ, ಕಾರ್ಬ್ಯುರೇಟರನ್ನೇ ಮತ್ತೆ ಮತ್ತೆ ಬಿಚ್ಚುವುದುಂಟು.

ಕಳೆದ ಶಕ್ತಿಯನ್ನು ಮರಳಿ ಪಡೆಯುವುದು

ಆಯಿಲ್ ಸೀಲ್‌ಗಳು: ಕ್ರ್ಯಾಂಕಿನ ಎರಡೂ ತುದಿಗಳಲ್ಲಿ ರಬ್ಬರಿನ ಆಯಿಲ್ ಸೀಲ್‌ಗಳಿರುತ್ತವೆ. ಬೈಕ್ ವರ್ಷಗಟ್ಟಲೆ ನಿಂತಿದ್ದರೆ ಇವು ಗಡುಸಾಗಿ ಬಿರಿಯುತ್ತವೆ. ಪ್ರೈಮರಿ ಚೈನ್ ಇರುವ ಎಡಬದಿಯ ಸೀಲ್ ಸೋರಿದರೆ ಎಂಜಿನ್ ಗೇರ್ ಆಯಿಲನ್ನು ಎಳೆದುಕೊಂಡು ಸುಡುತ್ತದೆ. ಸೈಲೆನ್ಸರಿನಿಂದ ದಟ್ಟವಾದ ಬಿಳಿ ಹೊಗೆ ಬರುತ್ತದೆ, ಗೇರ್ ಆಯಿಲಿನ ಮಟ್ಟ ಕಾರಣವಿಲ್ಲದೆ ಇಳಿಯುತ್ತದೆ. ಡೈನಮೋ ಇರುವ ಬಲಬದಿಯ ಸೀಲ್ ಸೋರಿದರೆ ಹೊರಗಿನ ಗಾಳಿ ಒಳಸೇರಿ ಮಿಶ್ರಣ ತೆಳುವಾಗುತ್ತದೆ. ಆಗ ಹೊಗೆಯೇನೂ ಕಾಣುವುದಿಲ್ಲ; ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ಸದ್ದು ತಕ್ಷಣ ಇಳಿಯದು, ಎಂಜಿನ್ ಮಿತಿಮೀರಿ ಕಾಯುತ್ತದೆ, ಕೊನೆಗೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಎರಡರಲ್ಲಿ ಹೆಚ್ಚು ಅಪಾಯಕಾರಿ ಈ ಎರಡನೆಯದೇ.

ಸೋರಿಕೆಯನ್ನು ಪರೀಕ್ಷಿಸಲು ದುಬಾರಿ ಉಪಕರಣ ಬೇಕಿಲ್ಲ. ಕಾರ್ಬ್ಯುರೇಟರ್ ಕೂರುವ ದಾರಿಯನ್ನೂ ಎರಡು ಎಕ್ಸಾಸ್ಟ್ ಪೋರ್ಟುಗಳನ್ನೂ ಹಳೆಯ ಸೈಕಲ್ ಟ್ಯೂಬಿನ ತುಂಡುಗಳಿಂದ ಬಿಗಿಯಾಗಿ ಮುಚ್ಚಿ, ಪ್ಲಗ್ಗಿನ ರಂಧ್ರಕ್ಕೆ ಹೊಂದಿಸಿದ ನಳಿಕೆಯ ಮೂಲಕ ಕೈಪಂಪಿನಿಂದ ಸುಮಾರು 6 ಪಿಎಸ್‌ಐ ಒತ್ತಡದಷ್ಟು ಗಾಳಿ ತುಂಬಲಾಗುತ್ತದೆ. ಒತ್ತಡ ಕೆಲವು ನಿಮಿಷಗಳವರೆಗೆ ಇಳಿಯದೆ ನಿಂತರೆ ಎಂಜಿನ್ ಬಿಗಿಯಾಗಿದೆ ಎಂದರ್ಥ. ಇಳಿದರೆ ಜೋಡಣೆಗಳ ಮೇಲೆ ಸಾಬೂನಿನ ನೀರು ಹಚ್ಚಿ, ಗುಳ್ಳೆ ಏಳುವ ಜಾಗವನ್ನು ಗುರುತಿಸಲಾಗುತ್ತದೆ. ಒತ್ತಡ ಇದಕ್ಕಿಂತ ಬಹಳ ಹೆಚ್ಚಾದರೆ ಗಟ್ಟಿ ಇರುವ ಸೀಲ್‌ಗಳೂ ಜಾರಬಹುದು. ಸೀಲ್‌ಗಳ ಬೆಲೆ ಅಲ್ಪ. ಅವನ್ನು ಹಾಕಲು ಬೇಕಾದ ಶ್ರಮವೇ ಹೆಚ್ಚು. ಎಂಜಿನ್ ಬೇರೆ ಕಾರಣಕ್ಕೆ ಇಳಿಸಿದಾಗಲೇ ಅವನ್ನೂ ಬದಲಿಸುವುದು ವಾಡಿಕೆ.

ಕಿಡಿ ಮತ್ತು ವಿದ್ಯುತ್: ಹೆಚ್ಚಿನ ಬೈಕುಗಳಲ್ಲಿ ಇರುವುದು 6 ವೋಲ್ಟಿನ ಡೈನಮೋ ಮತ್ತು ಕಾಂಟ್ಯಾಕ್ಟ್ ಪಾಯಿಂಟ್‌ಗಳ ವ್ಯವಸ್ಥೆ. ಪಾಯಿಂಟ್‌ಗಳ ಅಂತರ ಪೂರ್ಣ ತೆರೆದಾಗ ಸುಮಾರು 0.4 ಮಿ.ಮೀ. ಇರಬೇಕು. ಕಿಡಿ ಯಾವಾಗ ಹಾರಬೇಕೆಂಬುದನ್ನು ಪಿಸ್ಟನ್ ಮೇಲ್ತುದಿ ಮುಟ್ಟಲು ಎಷ್ಟು ಮಿಲಿಮೀಟರ್ ಬಾಕಿಯಿದೆ ಎಂಬ ಅಳತೆಯಲ್ಲಿ ಕೈಪಿಡಿಗಳು ಹೇಳುತ್ತವೆ. ಈ ಅಳತೆ ಮಾದರಿಯಿಂದ ಮಾದರಿಗೆ ಬೇರೆಯಾದ್ದರಿಂದ ಆಯಾ ಬೈಕಿನ ಕೈಪಿಡಿಯನ್ನೇ ಅನುಸರಿಸಬೇಕು. ಪಾಯಿಂಟ್‌ಗಳ ಅಂತರ ಬದಲಾದರೆ ಕಿಡಿಯ ಸಮಯವೂ ಬದಲಾಗುತ್ತದೆ. ಆದ್ದರಿಂದ ಮೊದಲು ಅಂತರ, ಆಮೇಲೆ ಸಮಯ ಎಂಬ ಕ್ರಮ ತಪ್ಪುವಂತಿಲ್ಲ.

ಹಳೆಯ ವಯರಿಂಗ್‌ನ ತುಕ್ಕು ಹಿಡಿದ ಜೋಡಣೆಗಳು ಮತ್ತು ಸರಿಯಾಗಿ ಹಿಡಿಯದ ಅರ್ಥಿಂಗ್ 6 ವೋಲ್ಟಿನ ವ್ಯವಸ್ಥೆಯನ್ನು ಬಹುಬೇಗ ಸೊರಗಿಸುತ್ತವೆ. ಅರ್ಧ ವೋಲ್ಟ್ ನಷ್ಟವಾದರೂ ಅದು ಒಟ್ಟಿನ ಶೇ. 8ಕ್ಕಿಂತ ಹೆಚ್ಚು. ಜೋಡಣೆಗಳನ್ನು ಉಜ್ಜಿ ಚೊಕ್ಕಟಗೊಳಿಸಿ, ಹೊಸ ಕಂಡೆನ್ಸರ್ ಮತ್ತು ಹೊಸ ಪ್ಲಗ್ ಹಾಕಿದರೆ ಮಂಕಾಗಿದ್ದ ಬೈಕ್ ಚುರುಕಾಗುವುದು ಸಾಮಾನ್ಯ ಅನುಭವ. 12 ವೋಲ್ಟಿನ ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆಗಳೂ ದೊರಕುತ್ತವೆ. ಜರ್ಮನಿಯ ಪವರ್‌ಡೈನಮೋ ಮತ್ತು ಚೆಕ್ ದೇಶದ ವಾಪೆ ಕಂಪನಿಗಳು ಜಾವಾಗೆಂದೇ ಇಂಥವನ್ನು ತಯಾರಿಸುತ್ತವೆ. ದೀಪದ ಬೆಳಕು ಮತ್ತು ಸ್ಟಾರ್ಟಿಂಗ್ ಇವುಗಳಿಂದ ಬಹಳ ಸುಧಾರಿಸುತ್ತವೆ. ಆದರೆ ಸರಿಯಾಗಿ ಹೊಂದಿಸಿದ ಪಾಯಿಂಟ್‌ಗಳಿಗಿಂತ ಹೆಚ್ಚಿನ ಶಕ್ತಿ ಅವುಗಳಿಂದ ಬರುವುದಿಲ್ಲ. ಆಮದು ವೆಚ್ಚವನ್ನು ಗಣಿಸಿದರೆ ಅವು ಅಗ್ಗದ ಸುಧಾರಣೆಗಳ ಪಟ್ಟಿಗೆ ಸೇರುವಂಥವಲ್ಲ.

ಕಾರ್ಬನ್ ತೆಗೆಯುವುದು: ಪೆಟ್ರೋಲಿನೊಂದಿಗೆ ಉರಿಯುವ ಆಯಿಲಿನಿಂದ ಹೆಡ್ಡು, ಪಿಸ್ಟನ್ನಿನ ತಲೆ, ಎಕ್ಸಾಸ್ಟ್ ಪೋರ್ಟು ಮತ್ತು ಸೈಲೆನ್ಸರಿನೊಳಗೆ ಇದ್ದಿಲಿನ ಪದರ ಕಟ್ಟುತ್ತದೆ. ಪೋರ್ಟಿನ ಬಾಯಿ ಕಿರಿದಾದಷ್ಟೂ ಹಳೆಯ ಹೊಗೆ ಹೊರಹೋಗಲಾಗದೆ ಹೊಸ ಮಿಶ್ರಣಕ್ಕೆ ಜಾಗವಿಲ್ಲದಂತಾಗುತ್ತದೆ. ಹೆಡ್ಡು ಬಿಚ್ಚಿ, ಮರದ ಅಥವಾ ಹಿತ್ತಾಳೆಯ ಪಟ್ಟಿಯಿಂದ ಕೆರೆದು ತೆಗೆಯುವುದೇ ಇದರ ವಿಧಾನ. ಉಕ್ಕಿನ ಉಪಕರಣ ಅಲ್ಯೂಮಿನಿಯಮ್ಮಿಗೆ ಗೀರು ಹಾಕುತ್ತದೆ. ಸೈಲೆನ್ಸರಿನ ಒಳಗಿನ ಬ್ಯಾಫಲನ್ನು ಹೊರಗೆಳೆದು ಬೆಂಕಿಯಲ್ಲಿ ಕಾಯಿಸಿಯೋ ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ನೆನೆಸಿಯೋ ಶುಚಿಗೊಳಿಸುವರು. ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಅಲ್ಯೂಮಿನಿಯಮ್ಮನ್ನು ಕರಗಿಸುತ್ತದೆ. ಉಕ್ಕಿನ ಭಾಗಗಳಿಗೆ ಮಾತ್ರ ಅದನ್ನು ಬಳಸಬೇಕು. ಬೇರೆ ಯಾವ ದೋಷವೂ ಇಲ್ಲದ ಬೈಕಿನಲ್ಲಿ ಬಿಡಿಭಾಗವೊಂದನ್ನೂ ಕೊಳ್ಳದೆ ಇಷ್ಟು ಫಲ ಕೊಡುವ ಇನ್ನೊಂದು ಕೆಲಸವಿಲ್ಲ.

ಬೋರ್ ಮಾಡಿಸುವುದು: ಸಿಲಿಂಡರ್ ಸವೆದಿದ್ದರೆ ಲೇತ್ ಕೆಲಸದವರಲ್ಲಿ ಬೋರ್ ಮಾಡಿಸಿ, 0.25 ಮಿ.ಮೀ. ಹಂತಗಳಲ್ಲಿ ದೊರಕುವ ದೊಡ್ಡ ಅಳತೆಯ ಪಿಸ್ಟನ್ ಹಾಕಲಾಗುತ್ತದೆ. ಇದರಿಂದ ‘ಸಿಸಿ ಹೆಚ್ಚುತ್ತದೆ’ ಎಂಬ ಮಾತು ಲೆಕ್ಕಕ್ಕೆ ನಿಲ್ಲುವಂಥದ್ದಲ್ಲ. ಬೋರನ್ನು ಪೂರ್ಣ 1 ಮಿ.ಮೀ. ಹೆಚ್ಚಿಸಿದರೂ ಘನಗಾತ್ರ ಸುಮಾರು 8 ಸಿಸಿ, ಅಂದರೆ ಶೇ. 3ರಷ್ಟು ಮಾತ್ರ ಹೆಚ್ಚುತ್ತದೆ. ಲಾಭ ಬರುವುದು ರಿಂಗು ಮತ್ತು ಗೋಡೆಯ ನಡುವಿನ ಸೋರಿಕೆ ನಿಲ್ಲುವುದರಿಂದ. ಆದ್ದರಿಂದ ಸವೆತ ನೀಗುವಷ್ಟು ಕನಿಷ್ಠ ಬೋರ್ ಮಾಡಿಸಿ, ಮುಂದಿನ ಸಲಕ್ಕೆ ಲೋಹ ಉಳಿಸಿಕೊಳ್ಳುವುದೇ ವಿವೇಕ. ಬೋರ್ ಆದ ಬಳಿಕ ಪೋರ್ಟುಗಳ ಅಂಚು ಕತ್ತಿಯಂತೆ ಚೂಪಾಗಿರುತ್ತದೆ. ಆ ಅಂಚನ್ನು ನಯವಾಗಿ ಮಡಿಸದಿದ್ದರೆ ರಿಂಗು ಅದಕ್ಕೆ ಸಿಕ್ಕಿ ಮುರಿಯುವ ಸಂಭವವಿದೆ. ಹತ್ತು ನಿಮಿಷದ ಈ ಕೆಲಸವನ್ನು ಬಿಟ್ಟಿದ್ದರಿಂದ ಹಾಳಾದ ಹೊಸ ಪಿಸ್ಟನ್‌ಗಳು ಕಡಿಮೆಯಲ್ಲ.

ಇವಲ್ಲದೆ ಕಾರ್ಕ್ ಪದರದ ಕ್ಲಚ್ ಪ್ಲೇಟುಗಳು ಸವೆದಿದ್ದರೆ ಎಂಜಿನ್ನಿನ ಶಕ್ತಿ ಚಕ್ರಕ್ಕೆ ತಲುಪದೆ ಜಾರುತ್ತದೆ. ಬ್ರೇಕ್ ಹಿಡಿದುಕೊಂಡಿರುವುದು, ಚೈನ್ ಒಣಗಿರುವುದು, ಟೈರಿನಲ್ಲಿ ಗಾಳಿ ಕಡಿಮೆಯಿರುವುದು ಕೂಡ ಬೈಕನ್ನು ಮಂದವಾಗಿಸುತ್ತವೆ. ಎಂಜಿನ್ ಬಿಚ್ಚುವ ಮೊದಲು, ನ್ಯೂಟ್ರಲ್‌ನಲ್ಲಿ ಬೈಕನ್ನು ತಳ್ಳಿ ನೋಡುವುದು ಒಳ್ಳೆಯದು.

ಇಂಧನ, ಆಯಿಲ್ ಮತ್ತು ಎಥೆನಾಲ್

ಹಳೆಯ ಕೈಪಿಡಿಗಳು ಪೆಟ್ರೋಲಿಗೆ 1:20ರಿಂದ 1:25ರ ಪ್ರಮಾಣದಲ್ಲಿ, ಎಂದರೆ ಲೀಟರಿಗೆ 40–50 ಮಿ.ಲೀ. ಆಯಿಲ್ ಬೆರೆಸಲು ಹೇಳುತ್ತವೆ. ಆಯಿಲ್ ಹೆಚ್ಚಾದಷ್ಟೂ ಎಂಜಿನ್ನಿಗೆ ಕ್ಷೇಮ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಜೆಟ್ಟಿನ ರಂಧ್ರದಲ್ಲಿ ಆಯಿಲ್ ಆಕ್ರಮಿಸಿಕೊಂಡಷ್ಟು ಜಾಗ ಪೆಟ್ರೋಲಿಗೆ ಕಡಿಮೆಯಾಗುತ್ತದೆ. ಆದ್ದರಿಂದ ಆಯಿಲ್ ಹೆಚ್ಚಿಸಿದರೆ ಪೆಟ್ರೋಲ್–ಗಾಳಿಯ ಮಿಶ್ರಣ ತೆಳುವಾಗುತ್ತದೆ, ಕಾರ್ಬನ್ನೂ ಬೇಗ ಕಟ್ಟುತ್ತದೆ. ಗುಣಮಟ್ಟದ ಟೂ-ಸ್ಟ್ರೋಕ್ ಆಯಿಲನ್ನು ಅಳತೆ ಮಾಡಿ ಬೆರೆಸುವುದು ಕಣ್ಣಂದಾಜಿನಲ್ಲಿ ಸುರಿಯುವುದಕ್ಕಿಂತ ಮೇಲು.

ಈಗ ದೇಶದ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಜಾವಾ–ಯೆಜ್ಡಿಗಳ ಕಾರ್ಬ್ಯುರೇಟರನ್ನು ಇಂಥ ಇಂಧನಕ್ಕಾಗಿ ರೂಪಿಸಿರಲಿಲ್ಲ. ಎಥೆನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಹೀಗಾಗಿ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾದಂತಾಗುತ್ತದೆ. ಅದರ ಶಾಖಮೌಲ್ಯ ಪೆಟ್ರೋಲಿನ ಮೂರನೆಯ ಎರಡರಷ್ಟು ಇರುವುದರಿಂದ ಲೀಟರಿನಲ್ಲಿ ಅಡಗಿರುವ ಶಕ್ತಿ ಶೇ. 6–7ರಷ್ಟು ಕುಗ್ಗುತ್ತದೆ. ಹಳೆಯ ರಬ್ಬರ್ ಪೈಪು ಮತ್ತು ವಾಷರುಗಳು ಮೆತ್ತಗಾಗಿ ಉಬ್ಬುತ್ತವೆ. ಎಥೆನಾಲ್ ನೀರನ್ನು ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಬೈಕಿನ ಟ್ಯಾಂಕಿನಲ್ಲಿ ತುಕ್ಕು ಹಿಡಿಯುತ್ತದೆ. ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡುವುದು, ಎಥೆನಾಲ್ ತಾಳುವ ಪೈಪು ಹಾಕುವುದು, ಬೈಕ್ ನಿಲ್ಲಿಸುವ ಮುನ್ನ ಕಾರ್ಬ್ಯುರೇಟರಿನ ಪೆಟ್ರೋಲ್ ಇಳಿಸುವುದು ಇದಕ್ಕೆ ಅಗ್ಗದ ಪರಿಹಾರಗಳು. ಜೆಟ್ ಸರಿಯಾಗಿದೆಯೇ ಎಂದು ತಿಳಿಯಲು, ಪೂರ್ಣ ಆಕ್ಸಿಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಎಂಜಿನ್ ಅಲ್ಲೇ ಆರಿಸಿ ಪ್ಲಗ್ ಬಿಚ್ಚಿ ನೋಡುವ ರೂಢಿಯಿದೆ. ಕಂದುಬಣ್ಣ ಸರಿಯಾದ ಮಿಶ್ರಣದ ಗುರುತು, ಹಸಿಯಾದ ಕಪ್ಪು ಹೆಚ್ಚು ಪೆಟ್ರೋಲಿನದು, ಬಿಳಿಚಿದ ಬಣ್ಣ ತೆಳು ಮಿಶ್ರಣದ ಎಚ್ಚರಿಕೆ.

ಹುಣಸೂರು ಸೀಮೆಯ ರಸ್ತೆ ಮತ್ತು ಎತ್ತರ

ಮೈಸೂರು, ಹುಣಸೂರು, ಪಿರಿಯಾಪಟ್ಟಣ ಪ್ರದೇಶಗಳು ಸಮುದ್ರಮಟ್ಟದಿಂದ ಸುಮಾರು 750–850 ಮೀಟರ್ ಎತ್ತರದಲ್ಲಿವೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇ. 7–8ರಷ್ಟು ವಿರಳ. ಮಂಗಳೂರಿನಲ್ಲಿ 16 ಅಶ್ವಶಕ್ತಿ ಕೊಡುವ ಎಂಜಿನ್ ಹುಣಸೂರಿನಲ್ಲಿ ಸುಮಾರು 15ನ್ನಷ್ಟೇ ಕೊಡುತ್ತದೆ. ಯಾವ ಹುರಿಗೊಳಿಸುವಿಕೆಯಿಂದಲೂ ಈ ನಿಯಮ ತಪ್ಪುವುದಿಲ್ಲ. ವಿರಳ ಗಾಳಿಯಲ್ಲಿ ಅದೇ ಜೆಟ್ಟಿನ ಮಿಶ್ರಣ ಗಟ್ಟಿಯಾಗುವುದರಿಂದ ಎಥೆನಾಲಿನ ಪರಿಣಾಮವನ್ನು ಅದು ಅಲ್ಪಮಟ್ಟಿಗೆ ಸರಿದೂಗಿಸುತ್ತದೆ. ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಕುಶಾಲನಗರದಿಂದ ಮಡಿಕೇರಿಯತ್ತ ಏರುವಾಗ ಎತ್ತರ 1,100 ಮೀಟರ್ ಮೀರುತ್ತದೆ. ಬಯಲಿನಲ್ಲಿ ಸರಿಯಾಗಿ ಹೊಂದಿಸಿದ ಬೈಕ್ ಅಲ್ಲಿ ಕೊಂಚ ಮಂದವೆನಿಸಿದರೆ ಅದು ದೋಷವಲ್ಲ. ಮಡಿಕೇರಿಗೆ ಹೊಂದುವಂತೆ ಜೆಟ್ ಚಿಕ್ಕದು ಮಾಡಿಸಿಕೊಂಡು, ಅದೇ ಬೈಕಿನಲ್ಲಿ ಸಂಪಾಜೆ ಘಟ್ಟವಿಳಿದು ಕರಾವಳಿಯಲ್ಲಿ ವೇಗವಾಗಿ ಓಡಿಸುವುದು ಮಾತ್ರ ಅಪಾಯಕರ.

ಹುಣಸೂರು, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಹೊಲಗಳ ಮಣ್ಣುದಾರಿಗಳಲ್ಲಿಯೂ ಕೆ.ಆರ್. ನಗರದ ನಾಲೆ ಏರಿಗಳ ಮೇಲೆಯೂ ಗಂಟೆಗೆ 100 ಕಿ.ಮೀ. ವೇಗಕ್ಕಿಂತ ಕಡಿಮೆ ವೇಗದ ಎಳೆತವೇ ಹೆಚ್ಚು ಉಪಯುಕ್ತ. ಉದ್ದ ಸ್ಟ್ರೋಕಿನ ಈ ಎಂಜಿನ್ನಿನ ಸಹಜ ಗುಣವೂ ಅದೇ. ಗೇರ್‌ಪೆಟ್ಟಿಗೆಯ ಬದಿಯ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿದರೆ ಏರಿನ ಎಳೆತ ಸುಮಾರು ಶೇ. 6ರಷ್ಟು ಹೆಚ್ಚುತ್ತದೆ, ಹೆದ್ದಾರಿಯ ವೇಗ ಅಷ್ಟೇ ಇಳಿಯುತ್ತದೆ. ಎಂಜಿನ್ ಮುಟ್ಟದೆ, ಬೇಡವೆನಿಸಿದಾಗ ಹಿಂದಿನಂತೆಯೇ ಮಾಡಬಹುದಾದ ಬದಲಾವಣೆಯೆಂಬ ಕಾರಣಕ್ಕೆ ಇದನ್ನು ಮೊದಲು ಪ್ರಯತ್ನಿಸುವುದು ಲೇಸು. ಧೂಳು ಹೆಚ್ಚಿರುವ ಬೇಸಿಗೆಯಲ್ಲಿ ಏರ್ ಫಿಲ್ಟರನ್ನು ತೆಗೆದೆಸೆದು ‘ಉಸಿರಾಟ ಸರಾಗ’ ಮಾಡುವ ಪದ್ಧತಿ ಸಿಲಿಂಡರಿಗೆ ಮರಳು ಕಾಗದ ಉಜ್ಜಿದಂತೆ.

ಮೂಲ ಶಕ್ತಿಗಿಂತ ಹೆಚ್ಚಿಸುವುದು

ಸಂಪೀಡನ ಅನುಪಾತ: ಹೆಡ್ಡಿನ ಅಡಿಭಾಗವನ್ನು ಲೇತಿನಲ್ಲಿ ತೆಳುವಾಗಿ ಹೊಡೆಸಿ ದಹನಕೋಣೆಯನ್ನು ಕಿರಿದಾಗಿಸುವುದು ಅಗ್ಗದ ವಿಧಾನ. ಉದಾಹರಣೆಗೆ 7:1 ಅನುಪಾತವಿದೆ ಎಂದಿಟ್ಟುಕೊಂಡರೆ ದಹನಕೋಣೆಯ ಗಾತ್ರ ಸುಮಾರು 41.4 ಸಿಸಿ. ಅದನ್ನು 8:1ಕ್ಕೆ ಏರಿಸಲು ಕೋಣೆ 35.5 ಸಿಸಿ ಆಗಬೇಕು, 65 ಮಿ.ಮೀ. ಬೋರಿನಲ್ಲಿ ಇದಕ್ಕೆ ಸುಮಾರು 1.8 ಮಿ.ಮೀ. ಲೋಹ ತೆಗೆಯಬೇಕಾಗುತ್ತದೆ. ಪಿಸ್ಟನ್ ಹೆಡ್ಡಿಗೆ ತಾಗದೆಂದು ಖಚಿತಪಡಿಸಿಕೊಳ್ಳದೆ ಇದನ್ನು ಮಾಡುವಂತಿಲ್ಲ. ಅನುಪಾತ ಮಿತಿಮೀರಿದರೆ ಎಂಜಿನ್ ‘ಟಿಕ್ ಟಿಕ್’ ಎಂದು ಬಡಿಯತೊಡಗುತ್ತದೆ, ಪಿಸ್ಟನ್ನಿನ ತಲೆ ತೂತಾಗುವವರೆಗೂ ಹೋಗಬಹುದು. ಕಿಕ್ ಮಾಡುವ ಶ್ರಮವೂ ಹೆಚ್ಚುತ್ತದೆ.

ಪೋರ್ಟುಗಳು: ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು 1 ಮಿ.ಮೀ. ಎತ್ತರಿಸಿದರೆ ಅದು ತೆರೆದಿರುವ ಅವಧಿ ಕ್ರ್ಯಾಂಕಿನ ಸುತ್ತಿನಲ್ಲಿ 3–4 ಡಿಗ್ರಿಯಷ್ಟು ಹೆಚ್ಚುತ್ತದೆ. ಶಕ್ತಿಯ ಶಿಖರ ಹೆಚ್ಚಿನ ಸುತ್ತುಗಳತ್ತ ಸರಿಯುತ್ತದೆ, ಕೆಳಗಿನ ಎಳೆತ ಕುಂದುತ್ತದೆ. 75 ಮಿ.ಮೀ. ಸ್ಟ್ರೋಕಿನ ಎಂಜಿನ್ ನಿಮಿಷಕ್ಕೆ 5,000 ಸುತ್ತಿನಲ್ಲಿ ತಿರುಗುವಾಗಲೇ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12.5 ಮೀಟರ್ ಆಗುತ್ತದೆ. 7,000ಕ್ಕೆ ಅದು 17.5 ಮೀಟರ್. ಹಳೆಯ ಕ್ರ್ಯಾಂಕ್ ಮತ್ತು ಬೇರಿಂಗುಗಳು ಇದನ್ನು ಬಹುಕಾಲ ತಾಳಲಾರವು. ಹೀಗಾಗಿ ಪೋರ್ಟಿನ ಎತ್ತರ ಮುಟ್ಟದೆ, ಎರಕದ ಒರಟನ್ನು ಮಾತ್ರ ನಯಗೊಳಿಸುವುದರಲ್ಲಿ ಅನುಭವಿಗಳು ತೃಪ್ತರಾಗುತ್ತಾರೆ.

ಸೈಲೆನ್ಸರ್: ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಸೈಲೆನ್ಸರ್ ಸದ್ದಡಗಿಸುವ ಕೊಳವೆ ಮಾತ್ರವಲ್ಲ. ಹೊರಬಿದ್ದ ಹೊಗೆಯ ಒತ್ತಡದ ಅಲೆ ಕೊಳವೆಯ ಕಿರಿದಾಗುವ ಭಾಗಕ್ಕೆ ಬಡಿದು ಹಿಂದಿರುಗಿ, ಹೊರಜಾರುತ್ತಿರುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ. ಪೂರ್ವ ಜರ್ಮನಿಯ ಎಂಜೆಡ್ ಸಂಸ್ಥೆಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಈ ತತ್ತ್ವವನ್ನು ಪಂದ್ಯದ ಬೈಕುಗಳಲ್ಲಿ ಪರಿಪಕ್ವಗೊಳಿಸಿದರು. ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ 1961ರಲ್ಲಿ ಪಶ್ಚಿಮಕ್ಕೆ ಪಲಾಯನ ಮಾಡಿ ಸುಜುಕಿ ಸೇರಿದಾಗ ಆ ವಿದ್ಯೆ ಜಪಾನಿಗೆ ತಲುಪಿತು. ಮೈಸೂರಿನಲ್ಲಿ ಮೊದಲ ಜಾವಾ ಹೊರಬಂದದ್ದೂ ಅದೇ ವರ್ಷ.

ಬ್ಯಾಫಲ್ ತೆಗೆದು ಓಡಿಸುವುದರಿಂದ ಬೈಕ್ ವೇಗವಾಗುತ್ತದೆ ಎಂಬ ಭಾವನೆ ಸದ್ದಿನಿಂದ ಹುಟ್ಟಿದ್ದು. ಅಲೆಯನ್ನು ಹಿಂದಿರುಗಿಸುವ ರಚನೆ ಕೆಡುವುದರಿಂದ ಕೆಳಗಿನ ಎಳೆತ ಇಳಿಯುತ್ತದೆ, ಉರಿಯದ ಪೆಟ್ರೋಲ್ ಹೊರಹೋಗಿ ಮೈಲೇಜೂ ಬೀಳುತ್ತದೆ. ಕಾರ್ಬನ್ ಕಟ್ಟಿದ ಬ್ಯಾಫಲನ್ನು ತೆಗೆದಾಗ ನಿಜಕ್ಕೂ ಚುರುಕು ಬರುವುದುಂಟು. ಅದೇ ಬ್ಯಾಫಲನ್ನು ಶುಚಿಮಾಡಿ ಮರಳಿ ಹಾಕಿದರೂ ಆ ಲಾಭ ದೊರೆಯುತ್ತದೆ.

ದೊಡ್ಡ ಕಾರ್ಬ್ಯುರೇಟರ್ ಹಾಕುವುದು, ಯಮಹಾ ಆರ್‌ಎಕ್ಸ್ 100ರಲ್ಲಿರುವಂಥ ರೀಡ್ ವಾಲ್ವನ್ನು ಅಳವಡಿಸುವುದು ಮೊದಲಾದ ಪ್ರಯೋಗಗಳೂ ನಡೆದಿವೆ. ಮೂಲದ ಜಿಕೋವ್ ಕಾರ್ಬ್ಯುರೇಟರ್ ಸವೆದು ಸೋರುತ್ತಿದ್ದರೆ ಸರಿಯಾದ ಅಳತೆಯ ಮಿಕಾರ್ಬ್ ಹಾಕುವುದು ಉಪಯುಕ್ತ. ಅಗತ್ಯಕ್ಕಿಂತ ದೊಡ್ಡದು ಹಾಕಿದರೆ ಗಾಳಿಯ ವೇಗ ಕುಗ್ಗಿ ಬೈಕ್ ತಡವರಿಸುತ್ತದೆ.

ಬ್ರೇಕ್

ಈ ಬೈಕುಗಳ ಎರಡೂ ಚಕ್ರಗಳಲ್ಲಿ ಇರುವುದು ಡ್ರಮ್ ಬ್ರೇಕ್. ಟೂ-ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಬೈಕನ್ನು ಹಿಡಿದು ನಿಲ್ಲಿಸುವುದು ಕಡಿಮೆಯಾದ್ದರಿಂದ ಘಟ್ಟದ ಇಳಿತದಲ್ಲಿ ಪೂರ್ತಿ ಭಾರ ಬ್ರೇಕಿನ ಮೇಲೆಯೇ ಬೀಳುತ್ತದೆ. ಡ್ರಮ್ಮಿನ ಅಂಡಾಕಾರವನ್ನು ಲೇತಿನಲ್ಲಿ ಸರಿಪಡಿಸಿ, ಹೊಸ ಲೈನಿಂಗ್ ಅಂಟಿಸಿ ಡ್ರಮ್ಮಿನ ದುಂಡಿಗೆ ಹೊಂದುವಂತೆ ಉಜ್ಜಿ, ಕೇಬಲ್ ಬದಲಿಸಿದರೆ ಹಳೆಯ ಬ್ರೇಕೂ ಚೆನ್ನಾಗಿ ಹಿಡಿಯುತ್ತದೆ. ವೇಗ ಗಂಟೆಗೆ 80ರಿಂದ 90 ಕಿ.ಮೀ.ಗೆ ಏರಿದರೆ ನಿಲ್ಲಿಸಲು ಬೇಕಾದ ದೂರ ಕಾಲುಭಾಗಕ್ಕಿಂತ ಹೆಚ್ಚು ಏರುತ್ತದೆ. ಆದ್ದರಿಂದ ಎಂಜಿನ್ನಿನ ಕೆಲಸಕ್ಕಿಂತ ಮೊದಲು ಬ್ರೇಕು, ಟೈರು ಮತ್ತು ಸ್ಟಿಯರಿಂಗ್ ಬೇರಿಂಗುಗಳಿಗೆ ಹಣ ಹಾಕಬೇಕಾಗುತ್ತದೆ.

ಕಾನೂನು

ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮತ್ತು ನೋಂದಣಿ ಪುಸ್ತಕದಲ್ಲಿರುವ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ನೀಡಿದ ತೀರ್ಪೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಸವೆದ ಭಾಗವನ್ನು ಅದೇ ಬಗೆಯ ಭಾಗದಿಂದ ಬದಲಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಹದಿನೈದು ವರ್ಷ ಮೀರಿದ ಬೈಕಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕೆಎ-45 ಸಂಕೇತದ ಹುಣಸೂರಿನ ಸಾರಿಗೆ ಕಚೇರಿಯೂ ಕೆಎ-09 ಸಂಕೇತದ ಮೈಸೂರಿನ ಕಚೇರಿಯೂ ಈ ಸೀಮೆಯ ವಾಹನಗಳಿಗೆ ಸಂಬಂಧಿಸಿದವು. ಹೊಗೆ ತಪಾಸಣೆಯಲ್ಲಿ 2000ನೆಯ ಇಸವಿಯ ಮಾರ್ಚಿಗೆ ಮುಂಚಿನ ದ್ವಿಚಕ್ರಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ. 4.5 ಮತ್ತು ಹೈಡ್ರೋಕಾರ್ಬನ್ 9,000 ಪಿಪಿಎಂ ಎಂಬ ಮಿತಿಯಿದೆ. ಸೀಲ್ ಸೋರುವ ಅಥವಾ ಬ್ಯಾಫಲ್ ಕಳೆದ ಎಂಜಿನ್ ಈ ಮಿತಿಯೊಳಗೆ ಬರುವುದು ಕಷ್ಟ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿಸಿಕೊಂಡಿರುವ, ಚಾಸಿಸ್, ಹೊರಮೈ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆಯಾಗದ ದ್ವಿಚಕ್ರ ಮತ್ತು ನಾಲ್ಕುಚಕ್ರ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ನೋಂದಣಿ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವಿದೆ. ಇಂಥ ವಾಹನವನ್ನು ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಓಡಿಸುವಂತಿಲ್ಲ. ಮೈಸೂರಿನಲ್ಲಿ ತಯಾರಾದ 1960ರ ದಶಕದ ಜಾವಾಗಳು ಈಗಾಗಲೇ ಈ ವಯಸ್ಸನ್ನು ದಾಟಿವೆ; ಮೊದಲ ವರ್ಷದ ರೋಡ್‌ಕಿಂಗ್‌ಗಳು 2028ರಲ್ಲಿ ತಲುಪಲಿವೆ. ಹೊಸ ಸೀಲ್, ಹೊಸ ಪಾಯಿಂಟ್ ಮತ್ತು ಶುಚಿಯಾದ ಸೈಲೆನ್ಸರಿನಿಂದ ಚೇತರಿಸಿಕೊಂಡ ಬೈಕಿಗೆ ಈ ನಿಯಮದಿಂದ ತೊಡಕಿಲ್ಲ. ಬೇರೆ ಬೈಕಿನ ಎಂಜಿನ್ ಕೂರಿಸಿದ್ದಕ್ಕೆ ಅಥವಾ ಚಾಸಿಸ್ ಕತ್ತರಿಸಿದ್ದಕ್ಕೆ ಆ ಸಂಖ್ಯೆ ಸಿಗುವುದಿಲ್ಲ.